ಎಲೆ, ಹೂ, ಮಣ್ಣು ಬಳಸಿ ಚಿಕ್ಕ ಮಕ್ಕಳಿಗೆ ಬಣ್ಣ ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ನಾಲ್ಕರಿಂದ ಆರು ವರ್ಷದ ಮಕ್ಕಳ ಬಗ್ಗೆ. ಅಂಗಡಿ ಬಣ್ಣ ಬೇಡ, ಪ್ರಕೃತಿಯಲ್ಲಿ ಸಿಗುವುದರಿಂದಲೇ ಕಲಿಸಬೇಕು. ಆದರೆ ಬೀಟ್‌ರೂಟ್ ರಸ ಕಂದಾಗುತ್ತಿದೆ, ಸೊಪ್ಪು ಕುದಿಸಿದರೆ ಹಸಿರು ಬರುತ್ತಿಲ್ಲ ಎಂದಿದ್ದೀರಿ. ಎರಡಕ್ಕೂ ಕಾರಣವಿದೆ, ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಒಂದು ಮಾತು: ಮೊದಲ ದಿನವೇ ಮಕ್ಕಳ ಕೈಗೆ ಕುಂಚ ಕೊಡಬೇಡಿ.

ಈ ವಯಸ್ಸಿಗೆ ಹಸಿರು, ಕೆಂಪು ಅನ್ನುವ ಹೆಸರುಗಳು ಹೆಚ್ಚಿನ ಮಕ್ಕಳಿಗೆ ಬಂದಿರುತ್ತವೆ. ಒಂದೇ ಹಸಿರಿನಲ್ಲಿ ಎಷ್ಟು ಬಗೆಯಿದೆ ಅನ್ನುವುದನ್ನು ಕಣ್ಣು ಇನ್ನೂ ಹಿಡಿದಿರುವುದಿಲ್ಲ. ಹಾಗಾಗಿ ಮೊದಲು ಜೋಡಿಸುವ ಆಟ. ಪ್ರತಿ ಮಗುವೂ ಎಂಟು ಹತ್ತು ಎಲೆ ತರಲಿ, ಎಲ್ಲವೂ ಹಸಿರೇ ಇರಲಿ. ಬಿಳಿ ಬಟ್ಟೆ ಅಥವಾ ಬಿಳಿ ಕಾಗದ ಹಾಸಿ, ತೀರಾ ತಿಳಿಯಾದದ್ದು ಎಡಕ್ಕೆ, ತೀರಾ ಗಾಢವಾದದ್ದು ಬಲಕ್ಕೆ ಇಟ್ಟುಕೊಟ್ಟು, ಉಳಿದವನ್ನು ನಡುವೆ ಅವರೇ ಜೋಡಿಸಲು ಬಿಡಿ. ಬಣ್ಣದ ಚಾಪೆಯ ಮೇಲೆ ಮಾಡಿಸಬೇಡಿ, ಹಿನ್ನೆಲೆಯ ಬಣ್ಣ ಕಣ್ಣನ್ನು ಮೋಸ ಮಾಡುತ್ತದೆ. ಎರಡು ಎಲೆಗಳಲ್ಲಿ ಯಾವುದು ಗಾಢ ಎಂದು ಜಗಳ ಬಂದರೆ ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಇಡಿಸಿ. ಅಂಚು ಕಂಡರೆ ಬಣ್ಣ ಬೇರೆ, ಅಂಚು ಕರಗಿದಂತಿದ್ದರೆ ಒಂದೇ. ಎಲೆಯನ್ನು ತಿರುಗಿಸಿದರೆ ಬೆನ್ನಿನ ಬಣ್ಣ ಬೇರೆಯೇ ಇರುತ್ತದೆ, ನೀರು ಸವರಿದರೆ ಗಾಢವಾಗುತ್ತದೆ. ಇದನ್ನು ನೀವು ಹೇಳಿಕೊಡಬೇಕಿಲ್ಲ, ಯಾರಾದರೊಬ್ಬರು ಕಂಡುಹಿಡಿದೇ ಹಿಡಿಯುತ್ತಾರೆ. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಮರುದಿನ ಕಂದು, ಅದರ ಮರುದಿನ ಹಳದಿ.

ಒಂದು ಮಗು ಕೆಂಪು, ಕಂದು, ಹಸಿರನ್ನು ಪದೇ ಪದೇ ಒಟ್ಟಿಗೆ ಇಡುತ್ತಿದ್ದರೆ ತಿದ್ದುತ್ತಾ ಕೂರಬೇಡಿ. ಬಣ್ಣಗುರುಡು ಹುಡುಗರಲ್ಲಿ ಅಪರೂಪವೇನಲ್ಲ. ಕಣ್ಣಿನ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ.

ಈಗ ಬಣ್ಣ ತಯಾರಿ. ಮೊದಲು ಮಣ್ಣಿನಿಂದಲೇ ಶುರುಮಾಡಿ, ಯಾಕೆಂದರೆ ಅದು ಕೆಡುವುದಿಲ್ಲ, ಮಾಸುವುದೂ ಇಲ್ಲ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಜಗ್ಗುವಂಥದ್ದಲ್ಲ. ಒಣ ಮಣ್ಣನ್ನು ಪುಡಿ ಮಾಡಿ ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿಯಿರಿ. ಒಂದು ಲೋಟ ನೀರಿಗೆ ನಾಲ್ಕು ಚಮಚ ಹಾಕಿ ಕದಡಿ ಹತ್ತು ಹದಿನೈದು ಸೆಕೆಂಡು ಬಿಡಿ, ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆಸರು ನೀರನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ಉಳಿಯುವ ನಯವಾದ ಕೆಸರೇ ನಿಮ್ಮ ಬಣ್ಣ. ಇದಕ್ಕೆ ಅಂಟು ಬೇಕೇ ಬೇಕು: ಎರಡು ಚಮಚ ಕೆಸರಿಗೆ ಒಂದು ಚಮಚ ಗೋಂದು ಅಥವಾ ತೆಳುವಾಗಿ ಕುದಿಸಿದ ಮೈದಾ ಅಂಟು. ಒಣಗಿದ ಮೇಲೆ ಬೆರಳಾಡಿಸಿ ನೋಡಿ. ಪುಡಿ ಕೈಗೆ ಬಂದರೆ ಅಂಟು ಕಡಿಮೆಯಾಗಿದೆ, ಹೊಳೆದು ಬಿರುಕು ಬಿಟ್ಟು ಚಕ್ಕೆ ಏಳುತ್ತಿದ್ದರೆ ಹೆಚ್ಚಾಗಿದೆ. ಕಪ್ಪಿಗೆ ಇದ್ದಿಲು, ಆದರೆ ಅದನ್ನು ದೊಡ್ಡವರೇ ನೀರು ಹಾಕಿ ಅರೆಯಿರಿ. ಒಣಗಿಸಿ ಕುಟ್ಟಿದರೆ ಧೂಳು ಮಕ್ಕಳ ಮೂಗಿಗೆ ಹೋಗುತ್ತದೆ.

ಬೀಟ್‌ರೂಟ್ ಕಂದಾಗಲು ಕಾರಣ ಕುದಿಸುವುದು. ಅದರ ಬಣ್ಣದ ಅಂಶ ಶಾಖಕ್ಕೂ ಬೆಳಕಿಗೂ ಒಡೆಯುತ್ತದೆ. ಹಸಿಯಾಗಿಯೇ ತುರಿದು ಬಟ್ಟೆಯಲ್ಲಿ ಹಿಂಡಿ, ಅರ್ಧ ಕಪ್ ರಸಕ್ಕೆ ನಾಲ್ಕೈದು ಹನಿ ನಿಂಬೆರಸ ಹಾಕಿ, ಅವತ್ತೇ ಬಳಸಿ ಮುಗಿಸಿ. ದಪ್ಪವಾಗಿ ಬಳಿಯಬೇಡಿ, ಅದರಲ್ಲಿ ಸಕ್ಕರೆಯಿದೆ, ಕಾಗದ ಜಿಗುಟಾಗಿ ಇರುವೆ ಮುತ್ತುತ್ತವೆ.

ಹಸಿರಿನ ತೊಂದರೆ ಬೇರೆ. ಎಲೆಯ ಹಸಿರು ಅಂಶವಾದ ಕ್ಲೋರೊಫಿಲ್ ನೀರಿನಲ್ಲಿ ಕರಗುವುದಿಲ್ಲ, ಕುದಿಸಿದರೆ ಮಾಸಲು ಹಸಿರಿಗೆ ತಿರುಗುತ್ತದೆ. ಎಳೆಯ, ರಸವಿರುವ ಎಲೆಯನ್ನು ಮಡಚಿ ನೇರವಾಗಿ ಕಾಗದಕ್ಕೆ ತಿಕ್ಕಿಸಿ, ಬೆಂಕಿಯ ಕೆಲಸವೇ ಬೇಡ. ಇನ್ನೊಂದು ದಾರಿ, ಎಲೆಯನ್ನು ಹತ್ತಿ ಬಟ್ಟೆಯ ಮಡಿಕೆಯೊಳಗಿಟ್ಟು ನುಣುಪು ಕಲ್ಲಿನಿಂದ ಕುಟ್ಟುವುದು. ನರನರವೂ ಅಚ್ಚಾಗುತ್ತದೆ, ಮಕ್ಕಳಿಗೆ ಕುಟ್ಟುವ ಖುಷಿ ಬೇರೆ. ಒಣಗಿದ ಎಲೆ ಅಚ್ಚು ಬಿಡುವುದಿಲ್ಲ. ತೀರಾ ರಸಭರಿತ ಎಲೆಯಾದರೆ ಬರೀ ಕಲೆ ಹರಡುತ್ತದೆ.

ಅರಿಸಿನ ಕೂಡ ನೀರಿನಲ್ಲಿ ಕರಗದೆ ತಳಕ್ಕೆ ಕೂರುತ್ತದೆ. ಅರ್ಧ ಚಮಚ ಪುಡಿ, ಎರಡು ಚಮಚ ನೀರು, ಅರ್ಧ ಚಮಚ ಗೋಂದು. ಪ್ರತಿ ಸಲ ಕದಡಿಯೇ ಕುಂಚ ಅದ್ದಬೇಕು. ನೀಲಿಗೆ ಹತ್ತು ಹನ್ನೆರಡು ಶಂಖಪುಷ್ಪವನ್ನು ಅರ್ಧ ಕಪ್ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಈರುಳ್ಳಿಯ ಒಣ ಸಿಪ್ಪೆ ಎರಡು ಹಿಡಿ, ನೀರು ಎರಡು ಕಪ್, ಅರ್ಧಕ್ಕೆ ಇಳಿಯುವವರೆಗೆ ಕುದಿಸಿದರೆ ಹೊನ್ನು ಬಣ್ಣ ಬರುತ್ತದೆ.

ಬೆರೆಸುವ ಪಾಠಕ್ಕೆ ಇವಿಷ್ಟು ಸಾಕು. ಯಾವಾಗಲೂ ತಿಳಿ ಬಣ್ಣಕ್ಕೆ ಗಾಢ ಬಣ್ಣ ಸೇರಿಸಬೇಕು, ಉಲ್ಟಾ ಮಾಡಿದರೆ ಬಟ್ಟಲುಗಟ್ಟಲೆ ಅರಿಸಿನ ಸುರಿದರೂ ವ್ಯತ್ಯಾಸ ಕಾಣದು. ನಾಲ್ಕು ಚಮಚ ಅರಿಸಿನ ನೀರಿಗೆ ಶಂಖಪುಷ್ಪದ ನೀಲಿಯನ್ನು ಹನಿ ಹನಿಯಾಗಿ ಬಿಡಿಸಿ, ಎರಡೆರಡು ಹನಿಗೊಮ್ಮೆ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಒಂದೊಂದು ಬೊಟ್ಟು ಇಡಿಸಿ. ಹಳದಿ ಮೆಟ್ಟಿಲು ಮೆಟ್ಟಿಲಾಗಿ ಹಸಿರಿಗೆ ಹೋಗುವುದು ಒಂದೇ ಸಾಲಿನಲ್ಲಿ ಕಾಣುತ್ತದೆ. ಅರಿಸಿನ, ಬೀಟ್‌ರೂಟ್ ಸೇರಿದರೆ ಕಿತ್ತಳೆ. ಎಲ್ಲವನ್ನೂ ಒಟ್ಟಿಗೆ ಸುರಿಯುವ ಮಗು ಇದ್ದೇ ಇರುತ್ತದೆ. ಒಮ್ಮೆ ಸುರಿಯಲಿ, ಕಂದು ಹೇಗೆ ಹುಟ್ಟುತ್ತದೆ ಅನ್ನುವುದೂ ಗೊತ್ತಾಗಲಿ.

ನನ್ನ ಮಟ್ಟಿಗೆ ಇದರಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಬಣ್ಣ ತಿರುಗುವ ಆಟ. ನೇರಳೆ ಎಲೆಕೋಸು ಎರಡು ಕಪ್ ಹೆಚ್ಚಿ, ಅಷ್ಟೇ ಕುದಿನೀರು ಸುರಿದು ಇಪ್ಪತ್ತು ನಿಮಿಷ ಮುಚ್ಚಿಟ್ಟು ಸೋಸಿ. ಆರಿದ ಮೇಲೆ ಬಿಳಿ ಬಟ್ಟಲುಗಳಿಗೆ ಎರಡೆರಡು ಚಮಚ ಹಾಕಿ. ನಿಂಬೆರಸ ಬಿದ್ದರೆ ಗುಲಾಬಿ, ಸ್ವಲ್ಪ ಅಡುಗೆ ಸೋಡಾ ಬಿದ್ದರೆ ನೀಲಿ, ಇನ್ನೂ ಹೆಚ್ಚಾದರೆ ಹಸಿರು. ಸೋಡಾ ಪುಡಿಯನ್ನೇ ಕೊಟ್ಟರೆ ಮಕ್ಕಳ ಚಿಟಿಕೆ ಮುಷ್ಟಿಯಾಗಿ ನೀಲಿ ಕಾಣದೆ ಸೀದಾ ಹಸಿರಾಗುತ್ತದೆ, ಆದ್ದರಿಂದ ಕಾಲು ಚಮಚ ಸೋಡಾವನ್ನು ಅರ್ಧ ಕಪ್ ನೀರಿನಲ್ಲಿ ಕರಗಿಸಿ ಹನಿಯಾಗಿ ಹಾಕಿಸಿ. ಅರಿಸಿನ ಬಳಿದು ಒಣಗಿಸಿದ ಕಾಗದದ ಮೇಲೆ ಇದೇ ಸೋಡಾ ನೀರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಗೀಚಿದರೆ ಇಟ್ಟಿಗೆಗೆಂಪು ಗೆರೆ ಮೂಡುತ್ತದೆ, ನಿಂಬೆರಸ ಸವರಿದರೆ ಮತ್ತೆ ಹಳದಿಯಾಗುತ್ತದೆ. ಸೋಡಾದ ಬದಲು ಸುಣ್ಣ ಮಾತ್ರ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಸೋಡಾ ಮುಟ್ಟಿದ ಕುಂಚ, ಬಟ್ಟಲುಗಳನ್ನು ಬೆರೆಸುವ ಪಾಠಕ್ಕೆ ಬಳಸಬೇಡಿ, ಹಸಿರಾಗಬೇಕಾದದ್ದು ಕೆಂಪಾಗಿಬಿಡುತ್ತದೆ.

ಇಲ್ಲಿಯೇ ಕಾಗದದ ವಿಷಯ ಬರುತ್ತದೆ. ಜೆರಾಕ್ಸ್ ಕಾಗದದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್ ಇರುತ್ತದೆ, ಅದೂ ಸೋಡಾದಂತೆ ಕ್ಷಾರ. ಕೋಸಿನ ನೇರಳೆ, ದಾಸವಾಳದ ಕೆಂಪು ಅದರ ಮೇಲೆ ಒಣಗುತ್ತಾ ನೀಲಿ ಅಥವಾ ಬೂದಿಗೆ ತಿರುಗಿದರೆ ತಪ್ಪು ನಿಮ್ಮ ರಸದ್ದಲ್ಲ. ದಪ್ಪ ಚಿತ್ರಕಲೆ ಕಾಗದ ಒಳ್ಳೆಯದು; ತೆಳು ಕಾಗದ ಒದ್ದೆಯಾಗಿ ಸುಕ್ಕಾಗುತ್ತದೆ. ಮೊದಲು ಒಂದು ಮೂಲೆಯಲ್ಲಿ ಬಳಿದು, ಒಣಗಿಸಿ ನೋಡಿ ಮಕ್ಕಳಿಗೆ ಕೊಡಿ.

ಗಿಡಗಳನ್ನು ಆರಿಸುವಾಗ ಎಚ್ಚರ. ಕಣಗಿಲೆ, ದತ್ತೂರಿ ವಿಷ. ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದು. ಕೆಂಪು-ಕಪ್ಪಿನ ಗುಲಗಂಜಿ ಬಣ್ಣದ ಪಾಠಕ್ಕೆ ಎಷ್ಟೇ ಚೆಂದ ಕಂಡರೂ ತರಬೇಡಿ, ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಗುರುತು ಸಿಗದ ಗಿಡವನ್ನು ಮುಟ್ಟಿಸದಿರುವುದೇ ಕ್ಷೇಮ. ರುಚಿ ನೋಡುವುದು ಬೇಡ ಎಂಬ ನಿಯಮ ತರಕಾರಿ ರಸಕ್ಕೂ ಇರಲಿ, ಇಲ್ಲದಿದ್ದರೆ ಮಕ್ಕಳಿಗೆ ಯಾವುದು ಸರಿ, ಯಾವುದು ತಪ್ಪು ಗೊತ್ತಾಗದು.

ರಸಗಳು ಹೊರಗಿಟ್ಟರೆ ಒಂದೆರಡು ದಿನದಲ್ಲಿ ಹುಳಿವಾಸನೆ, ಆಮೇಲೆ ಬೂಸ್ಟು. ಬೀಟ್‌ರೂಟ್ ಬಿಟ್ಟು ಉಳಿದವು ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ತಡೆಯುತ್ತವೆ. ಚಿತ್ರಗಳೂ ಮಾಸುತ್ತವೆ, ಅದನ್ನೂ ಪಾಠವಾಗಿಸಬಹುದು: ಎಲ್ಲ ಬಣ್ಣಗಳ ಒಂದೊಂದು ಪಟ್ಟಿ ಬಳಿದು, ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ವಾರ ಕಳೆದು ರಟ್ಟು ತೆಗೆಯುವ ಮೊದಲು ಯಾವುದು ಉಳಿದಿರುತ್ತದೆ ಎಂದು ಮಕ್ಕಳಿಂದ ಊಹೆ ಮಾಡಿಸಿ. ಹೆಚ್ಚಿನವರು ಅರಿಸಿನ ಅನ್ನುತ್ತಾರೆ, ಮೊದಲು ಮಾಸುವವುಗಳಲ್ಲಿ ಅದೂ ಒಂದು.