ವಿದೇಶದಲ್ಲಿ ಮೀಡಿಯಾ, ಕಮ್ಯುನಿಕೇಷನ್ ಮಾಸ್ಟರ್ಸ್ ಮಾಡಲು ಯಾವ ಯೂನಿವರ್ಸಿಟಿ ಒಳ್ಳೆಯದು?

ನಿಮ್ಮ ಪ್ರಶ್ನೆ ಇಷ್ಟು: ಡಿಗ್ರಿ ಮುಗಿದಿದೆ, ಒಂದು ವರ್ಷ ಒಂದು ಸಂಸ್ಥೆಯ ಸೋಷಿಯಲ್ ಮೀಡಿಯಾ ನೋಡಿಕೊಂಡಿದ್ದೀರಿ, ಈಗ ವಿದೇಶದಲ್ಲಿ ಕಮ್ಯುನಿಕೇಷನ್ ಮತ್ತು ಮೀಡಿಯಾ ಓದಬೇಕು ಅಂತಿದೆ. ರ‍್ಯಾಂಕಿಂಗ್ ಪಟ್ಟಿಯ ಮೇಲಿನ ಹತ್ತು ಹೆಸರು ಬರೆದಿಟ್ಟುಕೊಂಡು, ಇದರಲ್ಲಿ ಯಾವುದು ಬೆಸ್ಟ್ ಅಂತ ಕೇಳಿದ್ದೀರಿ. ನಾನು ಇದೇ ವಿಷಯವನ್ನು ಯುರೋಪಿನಲ್ಲಿ ಓದಿದವಳು. ಆಮೇಲೆ ಅರ್ಜಿ ಹಾಕುವ ಎಷ್ಟೋ ಜನರ ಜೊತೆ ಕೂತು ಅವರ ಅರ್ಜಿ ಓದಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ, ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆ ಹತ್ತು ಕಡೆ ಕಲಿಸುವುದು ಒಂದೇ ವಿಷಯ ಅಲ್ಲ.

ಒಂದು ಉದಾಹರಣೆ ನೋಡಿ. ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್ ಸಂಸ್ಥೆಯ ಪಟ್ಟಿಯಲ್ಲಿ ಈ ವಿಷಯಕ್ಕೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ ಹಲವು ವರ್ಷ ಮೊದಲ ಸ್ಥಾನ ಪಡೆದಿದೆ. ಹಾಗಂತ ಟಿವಿ ವರದಿಗಾರರಾಗಬೇಕು ಅನ್ನುವವರು ಅಲ್ಲಿನ ಕಮ್ಯುನಿಕೇಷನ್ ಸೈನ್ಸ್ ವಿಭಾಗಕ್ಕೆ ಹೋಗಬೇಕಾ? ಬೇಡ. ಅಲ್ಲಿ ಕಲಿಸುವುದು ಸರ್ವೆ, ಪ್ರಯೋಗ, ಸ್ಟ್ಯಾಟಿಸ್ಟಿಕ್ಸ್. ಜಾಹೀರಾತು ನೋಡಿದವರ ಮನಸ್ಸು ನಿಜಕ್ಕೂ ಬದಲಾಗುತ್ತದಾ, ಚುನಾವಣೆ ಸುದ್ದಿಯಿಂದ ಮತದಾರರಿಗೆ ಏನಾಗುತ್ತದೆ ಅಂತ ಅಳೆದು ನೋಡುವ ಜಾಗ ಅದು. ಆ ಕೆಲಸದಲ್ಲಿ ಅವರು ತುಂಬ ಗಟ್ಟಿಗರು. ಇನ್ನು ಪಟ್ಟಿ ಹೇಗೆ ತಯಾರಾಗುತ್ತದೆ? ಪ್ರಾಧ್ಯಾಪಕರನ್ನೂ ಕೆಲಸ ಕೊಡುವವರನ್ನೂ ಅಭಿಪ್ರಾಯ ಕೇಳುತ್ತಾರೆ, ಸಂಶೋಧನಾ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಎಣಿಸುತ್ತಾರೆ. ನಿಮ್ಮ ಸ್ಕ್ರಿಪ್ಟನ್ನು ಪಕ್ಕದಲ್ಲಿ ಕೂತು ತಿದ್ದುವ ಮೇಷ್ಟ್ರು ಇದ್ದಾರಾ ಅನ್ನುವುದು ಅದರಲ್ಲಿ ಎಲ್ಲೂ ಬರುವುದಿಲ್ಲ.

ಯಾಕೆ ಹೀಗೆ ಅಂದರೆ, ಈ ವಿಭಾಗಗಳು ಹುಟ್ಟಿದ್ದೇ ಬೇರೆ ಬೇರೆ ಕಾರಣಕ್ಕೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1912ರಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾಗಿದ್ದು ವರದಿಗಾರರನ್ನು ತಯಾರು ಮಾಡಲು. ಕೊಲಂಬಿಯಾದ ಶಾಲೆಗೆ ದುಡ್ಡು ಬಿಟ್ಟುಹೋದವರು ಪತ್ರಿಕೆ ನಡೆಸುತ್ತಿದ್ದ ಜೋಸೆಫ್ ಪುಲಿಟ್ಜರ್. ಆಮೇಲೆ ರೇಡಿಯೋ ಬಂತು, ಯುದ್ಧದ ಪ್ರಚಾರ ಬಂತು. ಇದೆಲ್ಲ ಜನರ ಮೇಲೆ ಎಷ್ಟು ಕೆಲಸ ಮಾಡುತ್ತದೆ ಅಂತ ಅಳೆಯುವವರು ಬಂದರು. ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಅವರ ತಂಡ ಅಮೆರಿಕದ 1940ರ ಅಧ್ಯಕ್ಷೀಯ ಚುನಾವಣೆಯಲ್ಲಿ ಒಂದೇ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಮತದಾರರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಮಾತಾಡಿಸಿತು. 1968ರ ಚುನಾವಣೆಯಲ್ಲಿ ಮೆಕೂಂಬ್ಸ್ ಮತ್ತು ಶಾ ಎಂಬ ಇಬ್ಬರು ಸಂಶೋಧಕರು ಅಲ್ಲಿನ ಚಾಪೆಲ್ ಹಿಲ್ ಎಂಬ ಊರಿನಲ್ಲಿ ಯಾರಿಗೆ ವೋಟು ಅಂತ ಇನ್ನೂ ತೀರ್ಮಾನಿಸದ 100 ಜನರನ್ನು ಕೇಳಿ, ಮಾಧ್ಯಮ ಯಾವುದನ್ನು ಮುಖ್ಯ ಮಾಡುತ್ತದೋ ಜನರಿಗೂ ಅದೇ ಮುಖ್ಯವಾಗುತ್ತದೆ ಅಂತ ತೋರಿಸಿದರು. ಇಂದಿಗೂ ಮೊದಲ ವಾರವೇ ಈ ಪಾಠ ಬರುತ್ತದೆ. ಬ್ರಿಟನ್‌ನಲ್ಲಿ ದಾರಿಯೇ ಬೇರೆ. 1964ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಸಾಂಸ್ಕೃತಿಕ ಅಧ್ಯಯನ ಕೇಂದ್ರದಲ್ಲಿ ಸ್ಟುವರ್ಟ್ ಹಾಲ್ ಮತ್ತಿತರರು ಕೇಳಿದ ಪ್ರಶ್ನೆ ಅಧಿಕಾರದ್ದು: ಸುದ್ದಿಯ ಅರ್ಥ ಕಟ್ಟುವವರು ಯಾರು? ನೋಡುವವರು ಅದನ್ನು ಹಾಗೇ ಒಪ್ಪುತ್ತಾರಾ, ಇಲ್ಲಾ ತಮ್ಮ ಬದುಕಿನಿಂದ ಬೇರೆ ಅರ್ಥ ಮಾಡಿಕೊಳ್ಳುತ್ತಾರಾ? ಆ ಕೇಂದ್ರದಿಂದ ಬೆಳೆದ ವಿಭಾಗ 2002ರಲ್ಲಿ ಮುಚ್ಚಿತು. ಪ್ರಶ್ನೆಗಳು ಮಾತ್ರ ಲಂಡನ್‌ನ ಗೋಲ್ಡ್‌ಸ್ಮಿತ್ಸ್, ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್) ತರಗತಿಗಳಲ್ಲಿ ಇನ್ನೂ ಗಟ್ಟಿಯಾಗಿವೆ.

ಅಂದರೆ ಮಾಡಿ ಕಲಿಯುವುದು ಒಂದು, ಅಳೆಯುವುದು ಒಂದು, ಪ್ರಶ್ನಿಸಿ ಬರೆಯುವುದು ಇನ್ನೊಂದು. ಕೆಲವು ಕಡೆ ಎರಡು ಬೆರೆತಿರುತ್ತವೆ, ಆದರೂ ಒಂದರ ಕೈ ಮೇಲಿರುತ್ತದೆ. ವಾರವಿಡೀ ಯಾವ ಕೆಲಸ ಮಾಡಿದರೆ ನಿಮಗೆ ಬೇಸರವಾಗುವುದಿಲ್ಲ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ದೇಶದ ವಿಚಾರ ಆಮೇಲೆ.

ಅಳೆಯುವ ಕೋರ್ಸಿನಲ್ಲಿ ದಿನ ಹೇಗೆ ಹೋಗುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಹೊರಡುವ ಮೊದಲು ಇದರ ಅಂದಾಜು ಹೆಚ್ಚಿನವರಿಗೆ ಇರುವುದಿಲ್ಲ. ನಮ್ಮ ಕಂಟೆಂಟ್ ಅನಾಲಿಸಿಸ್ (ಸುದ್ದಿಯಲ್ಲಿ ಏನಿದೆ ಅಂತ ಎಣಿಸಿ ನೋಡುವ ವಿಧಾನ) ತರಗತಿಯಲ್ಲಿ ವಲಸಿಗರ ಬಗ್ಗೆ ಬಂದ ಪತ್ರಿಕಾ ಸುದ್ದಿಗಳ ಒಂದು ರಾಶಿ ಕೊಟ್ಟರು. ಪ್ರತಿ ಸುದ್ದಿಯನ್ನೂ ಇಬ್ಬರು ಬೇರೆ ಬೇರೆ ಕೂತು ಓದಬೇಕು, ಮಾತಾಡಿಕೊಳ್ಳುವ ಹಾಗಿಲ್ಲ. ಕೈಯಲ್ಲಿ ಒಂದು ಕೋಡ್‌ಬುಕ್, ಅಂದರೆ ಯಾವುದಕ್ಕೆ ಯಾವ ಗುರುತು ಹಾಕಬೇಕು ಅನ್ನುವ ನಿಯಮಗಳ ಪುಸ್ತಕ. ಸುದ್ದಿಯಲ್ಲಿ ಮೊದಲು ಯಾರ ಮಾತು ಬಂದಿದೆ, ಅಧಿಕಾರಿಯದಾ, ವಲಸಿಗರದಾ? ವಿಷಯವನ್ನು ಜಗಳದ ಹಾಗೆ ತೋರಿಸಿದ್ದಾರಾ? ಹೌದಾದರೆ 1, ಇಲ್ಲವಾದರೆ 0. ಕೇಳಿದರೆ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ನನ್ನ ಜೊತೆಗಾತಿ 1 ಹಾಕಿದ ಎಷ್ಟೋ ಕಡೆ ನಾನು 0 ಹಾಕಿದ್ದೆ. ಒಂದು ಸುದ್ದಿಯಲ್ಲಿ ಮೇಯರ್ ಒಬ್ಬರು ‘ಇದಕ್ಕೆ ಸರ್ಕಾರ ಉತ್ತರ ಕೊಡಬೇಕು’ ಅಂದಿದ್ದರು. ಅದು ಜಗಳವಾ, ಬರೀ ಬೇಡಿಕೆಯಾ? ಅದರ ಮೇಲೇ ತುಂಬ ಹೊತ್ತು ವಾದವಾಯಿತು. ಕೊನೆಗೆ ಕೋಡ್‌ಬುಕ್‌ಗೆ ಒಂದು ಸಾಲು ಸೇರಿಸಿದೆವು: ಎರಡು ಕಡೆಯವರೂ ಸುದ್ದಿಯಲ್ಲಿ ಇದ್ದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದಿದ್ದರೆ ಮಾತ್ರ 1. ಮತ್ತೆ ಮೊದಲಿಂದ ಓದಿದೆವು. ಇಬ್ಬರ ಗುರುತು ಎಷ್ಟು ಹೊಂದುತ್ತದೆ ಅನ್ನುವುದಕ್ಕೆ ಕ್ರಿಪೆಂಡಾರ್ಫ್ ಆಲ್ಫಾ ಅಂತ ಒಂದು ಅಳತೆ ಇದೆ. 0.80 ದಾಟಿದರೆ ಧೈರ್ಯವಾಗಿ ಬಳಸಬಹುದು. 0.667ಕ್ಕಿಂತ ಕೆಳಗಿಳಿದರೆ ಆ ಅಂಕಿಗಳನ್ನು ನಂಬಿ ಏನೂ ಹೇಳಬಾರದು ಅನ್ನುವುದು ರೂಢಿ. ‘ಪತ್ರಿಕೆಗಳು ಯಾವಾಗಲೂ ಹೀಗೇ ಬರೆಯುತ್ತವೆ’ ಅನ್ನುವ ಒಂದು ಮಾತನ್ನು ತೋರಿಸಿಕೊಡಲು ಇಷ್ಟು ಕೆಲಸ ಬೇಕು. ನನಗೆ ಈ ಶಿಸ್ತು ತುಂಬ ಹಿಡಿಸಿತು. ಅಂಕಿ ಕಂಡರೆ ಆಗದವರಿಗೆ ಇದು ಒಂದು ವರ್ಷದ ಶಿಕ್ಷೆ.

ಮಾಡಿ ಕಲಿಯುವ ಕಡೆ ಇದರ ಪೂರ್ತಿ ಉಲ್ಟಾ. ಮಿಸೌರಿ ಶಾಲೆಯ ವಿದ್ಯಾರ್ಥಿಗಳು ಕೆಲಸ ಮಾಡುವುದು ಊರಿನ ಜನ ನಿಜವಾಗಿ ಓದುವ ‘ಕೊಲಂಬಿಯಾ ಮಿಸೌರಿಯನ್’ ಪತ್ರಿಕೆಗೆ (ಆ ಊರಿನ ಹೆಸರೂ ಕೊಲಂಬಿಯಾ). ಕೆಒಎಂಯು ಎಂಬ ಟಿವಿ ಚಾನೆಲ್ ಕೂಡ ವಿಶ್ವವಿದ್ಯಾಲಯದ್ದೇ, ಅದು ಅಮೆರಿಕದ ಎನ್‌ಬಿಸಿ ಟಿವಿ ಜಾಲದ ಸ್ಟೇಷನ್. ಅಲ್ಲಿ ಡೆಡ್‌ಲೈನ್ ಅಂದರೆ ಮಾರ್ಕ್ಸ್ ಹೋಗುವ ವಿಷಯವಲ್ಲ, ಬುಲೆಟಿನ್ ಖಾಲಿ ಬೀಳುವ ವಿಷಯ. ಬ್ರಿಟನ್‌ನಲ್ಲಿ ವರದಿಗಾರಿಕೆ ಕಲಿಯುವುದಾದರೆ ಎನ್‌ಸಿಟಿಜೆ (ಅಲ್ಲಿ ಪತ್ರಕರ್ತರ ತರಬೇತಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ ನೋಡಿ. ಅವರ ಪರೀಕ್ಷೆಗಳಲ್ಲಿ ಮಾಧ್ಯಮ ಕಾನೂನು ಇರುತ್ತದೆ, ಶಾರ್ಟ್‌ಹ್ಯಾಂಡ್ ತೆಗೆದುಕೊಂಡವರಿಗೆ ನಿಮಿಷಕ್ಕೆ 100 ಪದಗಳ ಗುರಿ. ಆದರೆ ಒಂದು ಮಾತು ಗಮನದಲ್ಲಿರಲಿ. ಆ ಕಾನೂನು ಬ್ರಿಟನ್‌ನದು. ಕೋರ್ಟ್ ಸುದ್ದಿ ಬರೆಯುವಾಗ ಏನು ಹೇಳಬಹುದು, ಏನು ಹೇಳಬಾರದು ಅನ್ನುವುದು ದೇಶ ದೇಶಕ್ಕೆ ಬೇರೆ. ನೀವು ಮರಳಿ ಬಂದು ಕೆಲಸ ಮಾಡುವುದಾದರೆ ಆ ಭಾಗವನ್ನು ಹೊಸದಾಗಿ ಕಲಿಯಬೇಕು. ಸುದ್ದಿ ಹುಡುಕುವುದು, ಜನರನ್ನು ಮಾತಾಡಿಸುವುದು, ದಾಖಲೆ ಓದುವುದು ಎಲ್ಲಿ ಹೋದರೂ ನಿಮ್ಮ ಜೊತೆ ಬರುತ್ತದೆ.

ಭಾಷೆಯ ವಿಷಯವನ್ನೂ ನೇರವಾಗಿ ಹೇಳಿಬಿಡುತ್ತೇನೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೆ ಇಂಗ್ಲಿಷ್ ಸುಮಾರಾಗಿದ್ದರೂ ನಡೆಯುತ್ತದೆ. ಇಲ್ಲಿ ಭಾಷೆಯೇ ಉಪಕರಣ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 6.5 ಸಾಕು ಅನ್ನುವ ಕೋರ್ಸುಗಳು ಬೇರೆ ವಿಷಯಗಳಲ್ಲಿ ಬೇಕಾದಷ್ಟಿವೆ. ಪತ್ರಿಕೋದ್ಯಮಕ್ಕೆ 7, 7.5 ಕೇಳುವುದು ಮಾಮೂಲು, ಬರವಣಿಗೆಗೆ ಪ್ರತ್ಯೇಕ ಮಿತಿಯೂ ಇರುತ್ತದೆ. ಇನ್ನು ನೆದರ್ಲೆಂಡ್ಸ್, ಜರ್ಮನಿ, ಸ್ವೀಡನ್‌ನಲ್ಲಿ ಕೋರ್ಸು ಇಂಗ್ಲಿಷಿನಲ್ಲಿ ಇರಬಹುದು, ಆದರೆ ಅಲ್ಲಿನ ಪತ್ರಿಕೆ, ಟಿವಿ ನಡೆಯುವುದು ಆ ನಾಡಿನ ಭಾಷೆಯಲ್ಲಿ. ಓದು ಮುಗಿಸಿ ಅಲ್ಲೇ ನ್ಯೂಸ್‌ರೂಮ್ ಸೇರುತ್ತೇನೆ ಅನ್ನುವ ಲೆಕ್ಕ ಇದ್ದರೆ ಮೊದಲ ದಿನದಿಂದಲೇ ಭಾಷೆ ಕಲಿಯಬೇಕು. ಸಂಶೋಧನೆ, ಅಂತರರಾಷ್ಟ್ರೀಯ ಸಂಸ್ಥೆಗಳ ಸಂವಹನ ವಿಭಾಗ, ಬಳಕೆದಾರರ ಅಧ್ಯಯನ, ಇಂಥ ಕಡೆ ಇಂಗ್ಲಿಷಿನಲ್ಲೇ ಕೆಲಸ ಸಿಗುವ ಸಾಧ್ಯತೆ ಜಾಸ್ತಿ.

ದುಡ್ಡು ಮತ್ತು ವೀಸಾ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಆದರೆ ಜರ್ಮನಿಯಲ್ಲಿ ಈ ವಿಷಯದ ಕೋರ್ಸುಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ಇವೆ. ಬ್ರಿಟನ್‌ನಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದೆ, ಖರ್ಚೂ ಒಂದೇ ವರ್ಷದ್ದು. ಆದರೆ ಕಾಲೇಜು ಶುರುವಾಗಿ ಉಸಿರು ಬಿಡುವಷ್ಟರಲ್ಲಿ ಪ್ರಬಂಧದ ವಿಷಯ ಕೇಳುತ್ತಾರೆ. ಓದು ಮುಗಿದ ಮೇಲೆ ಉಳಿಯಲು ಗ್ರಾಜುಯೇಟ್ ರೂಟ್ ವೀಸಾ 2 ವರ್ಷ ಇತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಅದು 18 ತಿಂಗಳು. ನಿಮ್ಮ ಲೆಕ್ಕವನ್ನು 18 ತಿಂಗಳಿಗೇ ಹಾಕಿಕೊಳ್ಳಿ.

ಅಮೆರಿಕದಲ್ಲಿ ಒಂದು ಸಣ್ಣ ವಿಷಯ ದೊಡ್ಡ ವ್ಯತ್ಯಾಸ ಮಾಡುತ್ತದೆ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ವಿದೇಶಿ ವಿದ್ಯಾರ್ಥಿಗಳಿಗೆ ಒಪಿಟಿ ಎಂಬ ಅನುಮತಿ ಇದೆ, ಅದರಲ್ಲಿ ಎಲ್ಲರಿಗೂ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಕೋರ್ಸಾದರೆ ಇನ್ನೂ 24 ತಿಂಗಳು. ಪತ್ರಿಕೋದ್ಯಮ ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ. ಆದರೆ ಡಿಜಿಟಲ್ ಮೀಡಿಯಾ, ಮಲ್ಟಿಮೀಡಿಯಾ ಅಂತ ವರ್ಗೀಕರಿಸಿದ ಕೆಲವು ಕೋರ್ಸುಗಳು ಅದರೊಳಗೆ ಬರುತ್ತವೆ. ಈ ವರ್ಗೀಕರಣದ ಸಂಖ್ಯೆಗೆ ಸಿಐಪಿ ಕೋಡ್ ಅನ್ನುತ್ತಾರೆ. ಕೋರ್ಸಿನ ಸಿಐಪಿ ಕೋಡ್ ಯಾವುದು ಅಂತ ಇಮೇಲ್ ಬರೆದು ಕೇಳಿ, ಹೇಳುತ್ತಾರೆ. ಸಂಶೋಧನೆಯೇ ಗುರಿ ಅಂತ ಖಚಿತವಿದ್ದರೆ ಅಲ್ಲಿನ ಒಳ್ಳೆಯ ಪಿಎಚ್‌ಡಿಗಳು ಶುಲ್ಕ ಮನ್ನಾ ಮಾಡಿ, ಪಾಠ ಅಥವಾ ಸಂಶೋಧನಾ ಸಹಾಯಕ್ಕೆ ಸಂಭಾವನೆಯನ್ನೂ ಕೊಡುತ್ತವೆ. ನೆದರ್ಲೆಂಡ್ಸ್‌ನಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಿನ ಕಡೆ ಸಂಬಳದ ಕೆಲಸವೇ.

ಸ್ಕಾಲರ್‌ಶಿಪ್‌ನಲ್ಲಿ ನಾನು ಎಲ್ಲರಿಗೂ ಮೊದಲು ತೋರಿಸುವುದು ಎರಾಸ್ಮಸ್ ಮುಂಡಸ್‌ನ (ಹಲವು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ, ಐರೋಪ್ಯ ಒಕ್ಕೂಟದ ಯೋಜನೆ) ಜರ್ನಲಿಸಂ, ಮೀಡಿಯಾ ಅಂಡ್ ಗ್ಲೋಬಲೈಸೇಷನ್ ಕೋರ್ಸು. ಎರಡು ವರ್ಷದ್ದು. ಮೊದಲ ವರ್ಷ ಡೆನ್ಮಾರ್ಕ್‌ನ ಆರ್ಹಸ್‌ನಲ್ಲಿ, ಎರಡನೆಯದು ನೀವು ಆರಿಸಿದ ವಿಶೇಷ ವಿಷಯಕ್ಕೆ ತಕ್ಕ ಹಾಗೆ ಇನ್ನೊಂದು ದೇಶದಲ್ಲಿ. ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೋ, ಶುಲ್ಕವೂ ಇರುವುದಿಲ್ಲ. ಬ್ರಿಟನ್ ಸರ್ಕಾರದ ಚೆವ್ನಿಂಗ್ ಸ್ಕಾಲರ್‌ಶಿಪ್‌ಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು ಅನ್ನುವ ಷರತ್ತೂ ಇದೆ. ನಿಮ್ಮ ಒಂದು ವರ್ಷದ ಅನುಭವಕ್ಕೆ ಅದು ಈಗಲೇ ಆಗುವುದಿಲ್ಲ.

ಯಾಕೆ ಈ ಕೋರ್ಸು ಅಂತ ಹೇಳಿ ಅರ್ಜಿಯ ಜೊತೆ ಕೊಡುವ ಸ್ಟೇಟ್‌ಮೆಂಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಎಲ್ಲರೂ ಎಡವುವುದು ಅಲ್ಲೇ. ನಾನು ಓದಿದ ಕರಡುಗಳಲ್ಲಿ ಬಹಳಷ್ಟು ಹೀಗೆ ಶುರುವಾಗುತ್ತವೆ: ‘ಚಿಕ್ಕಂದಿನಿಂದಲೂ ನನಗೆ ಮಾಧ್ಯಮ ಅಂದರೆ ಆಸಕ್ತಿ.’ ಇದನ್ನು ಓದಿ ಯಾರಿಗೂ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಹತ್ತಿರ ಒಳ್ಳೆಯ ಸರಕು ಇದೆ. ನಿಮ್ಮ ಸಂಸ್ಥೆಯ ಪುಟದಲ್ಲಿ ಸುಳ್ಳು ಸುದ್ದಿಗೆ ಸ್ಪಷ್ಟನೆ ಹಾಕಿದಾಗಲೆಲ್ಲ ಆ ಸುಳ್ಳೇ ಇನ್ನಷ್ಟು ಹರಡುತ್ತಿತ್ತು ಅಂತ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಅಲ್ಲಿಂದ ಶುರು ಮಾಡಿ. ಯಾವ ಪೋಸ್ಟು, ಏನಾಯಿತು, ಸ್ಪಷ್ಟನೆಯನ್ನು ಬೇರೆ ರೀತಿ ಬರೆದಾಗ ಬದಲಾಯಿತಾ? ಅದನ್ನು ತಿಳಿಯಲು ಏನು ಕಲಿಯಬೇಕು, ಆ ವಿಭಾಗದಲ್ಲಿ ಅದನ್ನು ಕಲಿಸುವ ಪೇಪರ್ ಯಾವುದು? ಇಷ್ಟು ಬರೆದರೆ ಎರಡು ಪುಟ ತಾನಾಗೇ ತುಂಬುತ್ತದೆ. ಮಾಸ್ಟರ್ಸ್‌ಗೆ ಪ್ರಾಧ್ಯಾಪಕರಿಗೆ ಮೊದಲೇ ಬರೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಪಿಎಚ್‌ಡಿಗೆ ಬರೆಯಲೇಬೇಕು.

ಕನ್ಸಲ್ಟೆನ್ಸಿ ಮೂಲಕ ಹೋಗುವುದಾದರೆ, ಅವರಿಗೆ ದುಡ್ಡು ಕೊಡುವವರು ಯಾರು ಅಂತ ಅವರನ್ನೇ ಕೇಳಿ. ಕೆಲವು ಯೂನಿವರ್ಸಿಟಿಗಳು ಸೇರಿಸಿದ ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಕನ್ಸಲ್ಟೆನ್ಸಿಗೆ ಕಮಿಷನ್ ಕೊಡುತ್ತವೆ. ಕಮಿಷನ್ ಕೊಡದ ಜಾಗದ ಹೆಸರು ನಿಮ್ಮ ಕಿವಿಗೆ ಬೀಳದೇ ಹೋಗಬಹುದು.

ಈಗ ನಿಮ್ಮ ಹತ್ತು ಹೆಸರಿಗೆ ಬರೋಣ. ಪ್ರತಿಯೊಂದರ ಕೋರ್ಸ್ ಪುಟ ತೆರೆದು ಮೂರು ವಿಷಯ ಬರೆದುಕೊಳ್ಳಿ. ಕಡ್ಡಾಯ ಪೇಪರ್‌ಗಳು ಯಾವುವು? ಪರೀಕ್ಷೆ ಹೇಗೆ, ಪ್ರಬಂಧವಾ, ಪ್ರಾಜೆಕ್ಟಾ, ಡೇಟಾ ರಿಪೋರ್ಟಾ? ಕೊನೆಯ ಪ್ರಬಂಧಕ್ಕೆ ಎಷ್ಟು ಕ್ರೆಡಿಟ್? ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಒಟ್ಟು 180ರಲ್ಲಿ 60 ಅದಕ್ಕೇ ಹೋಗುತ್ತದೆ. ಯುರೋಪಿನ ಉಳಿದ ಕಡೆ ಕ್ರೆಡಿಟ್ ಲೆಕ್ಕ ಬೇರೆ: ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ ಓದು. ನಿಮ್ಮ ಸುಳ್ಳು ಸುದ್ದಿಯ ಪ್ರಶ್ನೆ ಅಳೆದು ನೋಡುವಂಥದ್ದು. ಹಾಗಾಗಿ ನಾನಾಗಿದ್ದರೆ ಆಮ್‌ಸ್ಟರ್‌ಡ್ಯಾಮ್‌ಗೂ ಎರಾಸ್ಮಸ್ ಮುಂಡಸ್‌ಗೂ ಅರ್ಜಿ ಹಾಕುತ್ತಿದ್ದೆ, ಸ್ಟುಡಿಯೋ ಫೋಟೋಗಳೇ ತುಂಬಿರುವ ಕೋರ್ಸುಗಳನ್ನು ಬಿಡುತ್ತಿದ್ದೆ. ಸ್ಕಾಲರ್‌ಶಿಪ್ ಬೇಕಾದರೆ ಹಲವು ಕಡೆ ಗಡುವು ಡಿಸೆಂಬರ್, ಜನವರಿಯಲ್ಲೇ ಮುಗಿಯುತ್ತದೆ. ಶಿಫಾರಸು ಪತ್ರ ಬರೆಯುವ ನಿಮ್ಮ ಮೇಷ್ಟ್ರಿಗೆ ಈ ವಾರವೇ ಹೇಳಿಡಿ. ಕರಡು ತಯಾರಾದರೆ ಇಲ್ಲೇ ಹಾಕಿ, ಓದುತ್ತೇನೆ.