ಸರೋವರ ಪಕ್ಕದಲ್ಲೇ ಇದೆ, ನೀರು ಪಂಪಿಗೆ ಬರಬೇಕಲ್ಲ!

ಪ್ರಶ್ನೆ: ಬೆಟ್ಟದ ಮೇಲಿನ ಒಂದು ಊರಿನ ಅಗ್ನಿಶಾಮಕ ದಳದಲ್ಲಿ ನನಗೆ ಕೆಲಸ ಸಿಕ್ಕಿದೆ. ಊರಿಗೆ ತಾಗಿಕೊಂಡೇ ದೊಡ್ಡ ಸರೋವರ, ಸುತ್ತ ಪೈನ್ ಕಾಡು, ಚಳಿಗಾಲದಲ್ಲಿ ಹಿಮ. ‘ನೀರು ಕಾಲಬುಡದಲ್ಲೇ ಇದೆ, ನಿನಗೇನು ಕಷ್ಟ’ ಅಂತಾರೆ ಸ್ನೇಹಿತರು. ನಾನು ಇಷ್ಟು ವರ್ಷ ಬಯಲಿನ ನಗರದಲ್ಲಿ ದುಡಿದವನು. ಹೋಗುವ ಮುಂಚೆ ಏನು ತಿಳಿದಿರಬೇಕು?

ಉತ್ತರ: ಮೊದಲು ಅಭಿನಂದನೆ. ನಾನೂ ಪಂಪು ನಡೆಸಿದವನು, ಹಾಗಾಗಿ ನೀರಿನಿಂದಲೇ ಶುರು ಮಾಡುತ್ತೇನೆ.

ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಸುಮ್ನೆ ಹೇಳುತ್ತೇವೆ. ನಿಜವಾಗಿ ಪಂಪು ಪೈಪಿನೊಳಗಿನ ಗಾಳಿಯನ್ನು ಹೊರಹಾಕುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡ ಲೆಕ್ಕದ ಪ್ರಕಾರ 10 ಮೀಟರ್ ಚಿಲ್ಲರೆ ಎತ್ತಬಲ್ಲದು. 2,000 ಮೀಟರ್ ಎತ್ತರದ ಊರಿನಲ್ಲಿ ಅದು ಸುಮಾರು 8 ಮೀಟರಿಗೆ ಇಳಿಯುತ್ತದೆ. ಕೆಲಸಕ್ಕೆ ಸಿಗುವುದು ಅದಕ್ಕಿಂತಲೂ ಕಡಿಮೆ. ಬೇಸಿಗೆಯ ಕೊನೆಗೆ ಸರೋವರದ ಮಟ್ಟವೂ ಕೆಳಗಿಳಿದಿರುತ್ತದೆ. ಬೆಂಕಿ ಜಾಸ್ತಿ ಇರುವ ಕಾಲವೇ ಅದು, ಅಲ್ವಾ?

ಪೈಪಿನ ತುದಿಯ ಜಾಲರಿಯನ್ನೂ ಗಮನಿಸಿ. ತಳಕ್ಕೆ ತಾಗಿದರೆ ಕೆಸರು, ಕಲ್ಲು ಹೀರುತ್ತದೆ. ಮೇಲ್ಮೈಗೆ ಹತ್ತಿರ ಬಂದರೆ ನೀರು ಸುಳಿ ತಿರುಗಿ ಗಾಳಿ ಒಳಹೋಗುತ್ತದೆ, ಪಂಪಿಗೆ ನೀರು ಬರುವುದು ಒಮ್ಮೆಲೇ ನಿಂತುಹೋಗುತ್ತದೆ. ಎರಡು ಅಡಿಯಾದರೂ ಮುಳುಗಿರಲಿ. ಜಾಲರಿಗೆ ಹಗ್ಗ ಕಟ್ಟಿ ದಡದಿಂದಲೇ ಎತ್ತರ ಸರಿಮಾಡಿಕೊಳ್ಳಬಹುದು.

ಸರೋವರ ಇದ್ದ ಮಾತ್ರಕ್ಕೆ ಊರು ಉಳಿಯುವುದಿಲ್ಲ ಅನ್ನುವುದಕ್ಕೆ ಅಮೆರಿಕದ ಟಾಹೋ ಸರೋವರದ ಕಡೆ ನೋಡಿ. ಅದು 500 ಮೀಟರ್ ಆಳದ ಸರೋವರ. 2007ರ ಜೂನ್‌ನಲ್ಲಿ ಅಲ್ಲಿ ಆಂಗೋರಾ ಕಾಡ್ಗಿಚ್ಚು ಸುಮಾರು 250 ಮನೆಗಳನ್ನು ಸುಟ್ಟಿತು. ಯಾರೋ ಹಾಕಿದ್ದ ಶಿಬಿರದ ಬೆಂಕಿ ಸರಿಯಾಗಿ ಆರಿರಲಿಲ್ಲ, ಅಷ್ಟೇ ಸಾಕಾಯಿತು. ಇಂಥ ಊರುಗಳಲ್ಲಿ ಮನೆಗೆ ಬೆಂಕಿ ತಗಲುವುದು ಹೆಚ್ಚಾಗಿ ಹಾರಿಬರುವ ಕಿಡಿಯಿಂದ. ಸೂರಿನ ದೋಣಿಯಲ್ಲಿ ತುಂಬಿದ ಒಣ ಪೈನ್ ಎಲೆ, ಜಗಲಿ ಕೆಳಗೆ ಒಟ್ಟಿದ ಸೌದೆ, ಇವೆಲ್ಲ ಕಿಡಿಗೆ ಕಾದು ಕೂತಿರುತ್ತವೆ. ಆದ್ದರಿಂದ ನಿಮ್ಮ ಅತಿ ದೊಡ್ಡ ಕೆಲಸ ಮನೆಮನೆಗೆ ಹೋಗಿ ಗೋಡೆಯಿಂದ ಐದು ಅಡಿಯೊಳಗೆ ಉರಿಯುವಂಥದ್ದು ಏನೂ ಇರದಂತೆ ಮಾಡಿಸುವುದು. ಜನ ಬೇಸರಪಡುತ್ತಾರೆ. ಪರವಾಗಿಲ್ಲ, ಮತ್ತೆ ಹೋಗಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಗಾಳಿಯ ಲೆಕ್ಕವೂ ಅಲ್ಲಿ ಬೇರೆ. ಹಗಲು ಸರೋವರದ ಗಾಳಿ ದಡದತ್ತ, ಬೆಟ್ಟದ ಗಾಳಿ ಮೇಲಕ್ಕೆ ಬೀಸುತ್ತದೆ. ಎರಡೂ ಸೇರಿದರೆ ಬೆಂಕಿ ಇಳಿಜಾರು ಹತ್ತಿ ಓಡುತ್ತದೆ. ಕತ್ತಲಾದ ಮೇಲೆ ಗಾಳಿ ತಿರುಗಿ, ಅದೇ ಬೆಂಕಿ ಊರಿನತ್ತ ಇಳಿಯಬಹುದು. ಸಂಜೆ ಹೊಗೆ ತಣ್ಣಗಾದಂತೆ ಕಂಡರೆ ಮೈಮರೆಯಬೇಡಿ.

ಚಳಿಗಾಲದಲ್ಲಿ ಹೈಡ್ರಂಟ್‌ಗಳು, ಅಂದರೆ ಬೆಂಕಿ ಆರಿಸಲು ಬೀದಿಬದಿಯಲ್ಲಿ ಇಟ್ಟ ನೀರಿನ ನಲ್ಲಿಗಳು, ಹಿಮದಡಿ ಹೂತುಹೋಗುತ್ತವೆ. ಗುರುತಿಗೆ ನೆಟ್ಟ ಕೋಲು ನೋಡಿ ಅಗೆದು ತೆಗೆಯುವುದು ದಿನದ ಕೆಲಸ.

ಇನ್ನು ತಣ್ಣೀರಿಗೆ ಬಿದ್ದವರ ವಿಷಯ. ರಕ್ಷಣೆಯವರು 1-10-1 ಅನ್ನುತ್ತಾರೆ: ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮುಂಚೆ ಸುಮಾರು ಒಂದು ಗಂಟೆ. ಬಹಳ ಜನ ಸಾಯುವುದು ಆ ಮೊದಲ ನಿಮಿಷಗಳಲ್ಲೇ, ಲೈಫ್ ಜಾಕೆಟ್ ಇಲ್ಲದೆ. ಕೂಗು ಕೇಳಿದ ತಕ್ಷಣ ನೀರಿಗೆ ಹಾರಬೇಡಿ, ತೆಳು ಮಂಜುಗಡ್ಡೆ ಮೇಲೆ ಓಡಲೂಬೇಡಿ. ಮೊದಲು ಕೋಲು ಚಾಚಿ, ಆಗದಿದ್ದರೆ ಹಗ್ಗ ಎಸೆಯಿರಿ, ಆಮೇಲೆ ದೋಣಿ. ರಕ್ಷಣಾ ಉಡುಪು ತೊಟ್ಟು, ಹಗ್ಗ ಕಟ್ಟಿಕೊಂಡು ನೀರಿಗಿಳಿಯುವುದು ಕೊನೆಯ ಮಾತು.

ಸೇರಿದ ಮೊದಲ ವಾರವೇ ಹಿರಿಯ ಚಾಲಕರೊಬ್ಬರ ಜೊತೆ ದಡದುದ್ದಕ್ಕೂ ಸುತ್ತಿ. ಗಾಡಿ ಹೂತುಹೋಗದೆ ಎಲ್ಲಿ ನೀರಿನ ಹತ್ತಿರ ನಿಲ್ಲುತ್ತದೆ, ಯಾವ ಓಣಿಯಲ್ಲಿ ತಿರುಗಲು ಜಾಗವಿಲ್ಲ ಅಂತ ಅವರನ್ನೇ ಕೇಳಿ. ನಕ್ಷೆಯಲ್ಲಿ ಅದು ಇರುವುದಿಲ್ಲ.