ಆಂಟೆನಾ ದೊಡ್ಡದಾದ್ರೆ ಸಾಲದು, ಜಾಗ ಸರಿಯಿರ್ಬೇಕು

ಪ್ರಶ್ನೆ: ಅದಿರು ಹೊಡೆಯೋ ಲಾರಿ ನಮ್ದು, ಗಾಡಿ ಎಲ್ಲೈತಂತ ತೋರ್ಸೋ ಜಿಪಿಎಸ್ ಟ್ರ್ಯಾಕರ್ ಹಾಕ್ಸೀವಿ. ಗಾಡಿ ರೋಡಲ್ಲಿದ್ರೂ ಮ್ಯಾಪಲ್ಲಿ ಪಕ್ಕದ ಹೊಲದಾಗ ಓಡ್ತೈತೆ! ಫಿಟ್ ಮಾಡಿದೋನು ಆಂಟೆನಾನ ಡ್ಯಾಶ್‌ಬೋರ್ಡ್ ಒಳಗೆ ಟೇಪ್‌ರೆಕಾರ್ಡರ್ ಹಿಂದೆ ತುರುಕ್ಯಾನೆ. ದೊಡ್ಡದು ತಗೋಬೇಕಾ?
- ಲಾರಿ ಮಾಲೀಕರು, ಸಂಡೂರು

ಉತ್ತರ: ದುಡ್ಡು ಖರ್ಚು ಮಾಡ್ಬೇಡ್ರಿ, ಮೊದ್ಲು ಅದನ್ನ ಹೊರಗೆ ತೆಗೀರಿ. ಜಿಪಿಎಸ್ ಉಪಗ್ರಹ ಇರೋದು ಸುಮಾರು 20,200 ಕಿ.ಮೀ. ಎತ್ತರದಾಗ, ಅಲ್ಲಿಂದ ಸಂಡೂರಿಗೆ ಬರೋಷ್ಟ್ರಲ್ಲಿ ಸಿಗ್ನಲ್ ಎಷ್ಟು ಬಡವಾಗಿರ್ತದೆ ಅಂದ್ರೆ ಒಂದು ವ್ಯಾಟನ್ನ ಕೋಟಿ ಕೋಟಿ ಪಾಲು ಮಾಡಿ, ಅದ್ರಾಗಿನ ಒಂದು ಪಾಲನ್ನ ಮತ್ತೆ ನೂರು ಪಾಲು ಮಾಡಿದ್ರೆ ಒಂದು ಪಾಲು, ಅಷ್ಟೇ. ಅದಕ್ಕೆ ಮೇಲೆ ತಗಡು ಅಡ್ಡ ಇಟ್ರೆ ಇನ್ನೇನು ಸಿಗ್ತದೆ? ಸಂದಿಗೊಂದಿಯಿಂದ ಬಡಿದು ವಾಪಸ್ ಬಂದ ಅಲೆನೇ ಸಿಗೋದು. ಅದು ಸುತ್ತಿಬಳಸಿ ಬಂದಿರ್ತದೆ, ದೂರದ ಲೆಕ್ಕ ತಪ್ತದೆ, ಲಾರಿ ಹೊಲಕ್ಕೆ ಇಳೀತದೆ.

ಉಪಗ್ರಹದ ಅಲೆ ಬಲಕ್ಕೆ ತಿರುಚ್ಕೊಂಡು ಬರ್ತದೆ, ಲೋಹಕ್ಕೆ ಬಡಿದ್ರೆ ತಿರುವು ಎಡಕ್ಕಾಗ್ತದೆ. ಒಳ್ಳೆ ಆಂಟೆನಾ ಬಲದ್ದನ್ನ ಹಿಡಿದು ಎಡದ್ದನ್ನ ಆದಷ್ಟು ಬಿಡ್ತದೆ, ಆದ್ರೆ ಆಕಾಶಕ್ಕೆ ಮುಖ ಮಾಡಿ ಮಲಗಿಸಿದ್ರೆ ಮಾತ್ರ. ಸೈಜಿನ ವಿಷಯಾನೂ ಹೇಳ್ತೀನಿ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್ (ಎಲ್1 ಅಂತಾರೆ) ಅಲೆ ಸುಮಾರು 19 ಸೆಂ.ಮೀ. ಉದ್ದ, ಅದರ ಅರ್ಧದಷ್ಟು ತಗಡು ಬೇಕಾಗೋ ಜಾಗದಲ್ಲಿ ಸೆರಾಮಿಕ್ ಬಿಲ್ಲೆ ಹಾಕಿ 25 ಮಿ.ಮೀ.ಗೆ ಕುಗ್ಗಿಸಿರ್ತಾರೆ. ಕುಗ್ಗಿಸಿದಷ್ಟೂ ಅದರ ಟ್ಯೂನಿಂಗ್, ಅಂದ್ರೆ ಆ ಅಲೆಗೇ ಸರಿಯಾಗಿ ಹೊಂದ್ಕೊಳ್ಳೋದು, ಸೂಕ್ಷ್ಮ ಆಗ್ತದೆ, ಬಿಲ್ಲೆ ಕೆಳಗೆ ಅಂಗೈ ಅಗಲದ ತಗಡು ಬೇಕು, ಮೇಲೆ ಪ್ಲಾಸ್ಟಿಕ್ ಮುಚ್ಚಳ ತೀರ ಹತ್ರ ಬಂದ್ರೂ ಟ್ಯೂನಿಂಗ್ ಸರೀತದೆ. ನಿಮ್ಮ ಕ್ಯಾಬಿನ್ ಟಾಪು ತಗಡಿನದಾದ್ರೆ ಅದರ ಮಧ್ಯೆ ಕೂರ್ಸಿ. ಒದ್ದೆ ಟಾರ್ಪಾಲ್ ಸುತ್ತಿ ಅದರ ಮೇಲೇ ಎಸೀಬೇಡ್ರಿ ಮತ್ತೆ, ನಮ್ಮ ಡ್ರೈವರ್‌ಗಳಿಗೆ ಅದೊಂದು ಚಟ.

ಪ್ರಶ್ನೆ: ಭತ್ತ ಕೊಯ್ಯೋ ಮಿಷಿನ್ನಿಗೆ 4ಜಿ, ಜಿಪಿಎಸ್ ಎರಡೂ ಇರೋ ಶಾರ್ಕ್ ಫಿನ್ (ಮೀನಿನ ರೆಕ್ಕೆ ಆಕಾರದ) ಆಂಟೆನಾ ಡಬ್ಬಿ ಹಾಕ್ಸಿದ್ವಿ, ಟಾಪು ಫೈಬರಿನದು. ಕಾರಲ್ಲಿ ಚೆನ್ನಾಗಿ ಕೆಲ್ಸ ಮಾಡೋದು ಇದ್ರಲ್ಲಿ ನೆಟ್‌ವರ್ಕೇ ಹಿಡೀತಿಲ್ಲ.
- ಓದುಗರು, ಸಿಂಧನೂರು

ಉತ್ತರ: ಉತ್ತರ ನೀವೇ ಬರ್ದೀರಿ, ಫೈಬರು! ಆ ಡಬ್ಬಿ ಅರ್ಧ ಆಂಟೆನಾ ಅಷ್ಟೇ, ಇನ್ನರ್ಧ ಕಾರಿನ ಟಾಪಿನ ತಗಡು. ಒಂಟಿ ಕಾಲಲ್ಲಿ ನಡಿ ಅಂದಂಗಾಯ್ತು. 900 ಮೆಗಾಹರ್ಟ್ಸ್ ಬ್ಯಾಂಡಿಗೆ ಕಾಲು ಅಲೆ ಅಂದ್ರೇನೇ 8 ಸೆಂ.ಮೀ.ಗೂ ಸ್ವಲ್ಪ ಜಾಸ್ತಿ, ಗಿಡ್ಡ ಡಬ್ಬಿಲಿ ಅದನ್ನ ಮಡಚಿ ಮಡಚಿ ಇಟ್ಟಿರ್ತಾರೆ, ಮೊದ್ಲೇ ಸೊರಗಿರ್ತದೆ, ಅದಕ್ಕೇ ಕೆಳಗಿನ ಬ್ಯಾಂಡ್ ಮೊದ್ಲು ಕೈಕೊಡೋದು. ಡಬ್ಬಿ ಕೆಳಗೆ ಒಂದಡಿ ಚೌಕದ ತಗಡು ಹಾಕಿ ನೋಡ್ರಿ, ಡಬ್ಬಿಯ ಬೇಸ್ ಪ್ಲೇಟು ಅದಕ್ಕೆ ಚೆನ್ನಾಗಿ ತಾಗಿರ್ಬೇಕು, ನಡುವೆ ಪೇಂಟ್ ಇದ್ರೆ ಕೆರೀರಿ. ಇಲ್ಲಾಂದ್ರೆ ತಗಡೇ ಬೇಡ ಅನ್ನೋ ಮಾಡೆಲ್ ಕೇಳಿ ತಗೊಳ್ರಿ, ಸ್ವಲ್ಪ ಉದ್ದ ಇರ್ತದೆ.

ಎರಡೂ ಒಂದೇ ಡಬ್ಬಿಲಿ ಇಡೋದು ಡಿಸೈನ್ ಮಾಡೋರಿಗೆ ತಲೆನೋವು. 4ಜಿ ಮಾಡ್ಯೂಲ್ 200 ಮಿಲಿವ್ಯಾಟ್ ತನಕ ಕೂಗ್ತದೆ, ಪಕ್ಕದಲ್ಲೇ ಜಿಪಿಎಸ್ ಉಪಗ್ರಹದ ಆ ಬಡ ಸಿಗ್ನಲ್ಲಿನ ಪಿಸುಮಾತು ಕೇಳ್ಬೇಕು. ಅದಕ್ಕೇ ಜಿಪಿಎಸ್ ಸಿಗ್ನಲ್ ಹೆಚ್ಚಿಸೋ ಆಂಪ್ಲಿಫೈಯರ್ ಜೊತೆ ಬೇರೆ ಅಲೆ ತಡೆಯೋ ಫಿಲ್ಟರ್ ಬೇಕೇ ಬೇಕು. ತೀರ ಅಗ್ಗದ್ದರಲ್ಲಿ ಉಳಿಸೋದು ಅಲ್ಲೇ.

ಪ್ರಶ್ನೆ: ಟ್ರ್ಯಾಕರ್ ಬಾಕ್ಸ್ ಮೇಲೆ ನಾವಿಕ್ ಅಂತ ಐತೆ. ಹಳೇ ಜಿಪಿಎಸ್ ಆಂಟೆನಾ ನಡೀತದಾ?
- ಓದುಗರು, ಕೊಪ್ಪಳ

ಉತ್ತರ: ಅರ್ಧಂಬರ್ಧ ನಡೀತದೆ, ಅಷ್ಟೇ. ನಾವಿಕ್ ಅಂದ್ರೆ ಜಿಪಿಎಸ್ ಥರದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ. ನಾವಿಕ್‌ನ ಎಲ್5 ಸಿಗ್ನಲ್ ಬರೋದು 1176.45 ಮೆಗಾಹರ್ಟ್ಸ್‌ನಲ್ಲಿ, ಹಳೇ ಬಿಲ್ಲೆಗೆ ಅದು ಕೇಳ್ಸಲ್ಲ. 2023ರ ಮೇನಲ್ಲಿ ಹಾರಿಸಿದ ಎನ್‌ವಿಎಸ್-01 ಅನ್ನೋ ನಾವಿಕ್ ಉಪಗ್ರಹದಿಂದ ಎಲ್1 ಕೂಡ ಶುರು ಮಾಡ್ಯಾರೆ, ಆದ್ರೆ ಅದ್ರ ಹಿಂದಿನ ಉಪಗ್ರಹಗಳಲ್ಲಿ ಎಲ್1 ಇಲ್ಲ. ಹಂಗಾಗಿ ಅಂಗಡೀಲಿ ಎಲ್1, ಎಲ್5 ಎರಡೂ ಹಿಡಿಯೋದು ಕೊಡಿ ಅನ್ರಿ, ಕೇಬಲ್ ಸುಮ್ನೆ ಉದ್ದ ಬಿಡಿಸ್ಕೋಬೇಡ್ರಿ, ತೆಳು ಕೇಬಲ್ ಮೀಟರಿಗಿಷ್ಟು ಅಂತ ಸಿಗ್ನಲ್ ತಿಂತದೆ.